ಕಾಠ್ಮಂಡುವಿಗೆ ಸರಕು ಹುಡುಕಿಕೊಂಡು ಹೋಗುವವರಿಗೆ

ಕಾಠ್ಮಂಡುವಿನ ಥಮೇಲ್‌ ಎಂಬ ಪ್ರವಾಸಿ ಪೇಟೆಯ ಬೀದಿಗಳಲ್ಲಿ ನೇತುಹಾಕಿರುವ ‘ಪಶ್ಮಿನಾ’ (ಹಿಮಾಲಯದ ಮೇಕೆಯ ನವಿರು ಉಣ್ಣೆ) ಶಾಲುಗಳಲ್ಲಿ ಎಷ್ಟೋ ನಮ್ಮದೇ ಲೂಧಿಯಾನ, ಅಮೃತಸರದಿಂದ ಹೋದವು. ಬಡಿದರೆ ಗುಂಯ್‌ಗುಡುವ, ಫಳಫಳ ಹೊಳೆಯುವ ‘ಸಿಂಗಿಂಗ್ ಬೌಲ್’ ಬಟ್ಟಲುಗಳ ನಡುವೆ ಮೊರಾದಾಬಾದಿನ ಎರಕದವು ಬೇಕಾದಷ್ಟಿವೆ. ವಿಮಾನದ ಟಿಕೆಟ್ ಕೊಟ್ಟು ಹೋಗಿ ಅವನ್ನೇ ಹೊತ್ತು ತಂದರೆ ಪೆಟ್ಟು ಎರಡು ಕಡೆ ಬೀಳುತ್ತದೆ. ಇಲ್ಲೇ ಸಗಟಿನಲ್ಲಿ ಸಿಗುವ ಮಾಲಿಗೆ ದುಪ್ಪಟ್ಟು ಕೊಟ್ಟಿರುತ್ತೀರಿ ಎನ್ನುವುದು ಒಂದು. ಭಾರತದಲ್ಲಿ ತಯಾರಾದ ವಸ್ತುವಿಗೆ ನೇಪಾಳದಲ್ಲೇ ತಯಾರಾದದ್ದು ಎನ್ನುವ ಮೂಲ ಪ್ರಮಾಣಪತ್ರ ಸಿಗದ ಕಾರಣ ಕಸ್ಟಮ್ಸ್ ಸುಂಕದ ವಿನಾಯಿತಿಯೂ ತಪ್ಪುತ್ತದೆ ಎನ್ನುವುದು ಇನ್ನೊಂದು.

ಹಾಗಾಗಿ ಈ ಪ್ರಯಾಣದ ಕೆಲಸ ಸಾಮಾನು ಕೊಳ್ಳುವುದಲ್ಲ, ಅದನ್ನು ಮಾಡುವವರನ್ನು ಹುಡುಕುವುದು. ವಾಪಸು ಬರುವಾಗ ನಿಮ್ಮ ಚೀಲದಲ್ಲಿ ಮಾದರಿಗಳು, ಬೆಲೆಪಟ್ಟಿ, ಸಹಿ ಆದ ಆರ್ಡರ್ ಇದ್ದರೆ ಸಾಕು. ಮಾಲು ಆಮೇಲೆ ಬರುತ್ತದೆ. ಸಣ್ಣ ಗಿಫ್ಟ್ ಅಂಗಡಿ ಇಟ್ಟವರು, ಇನ್‌ಸ್ಟಾಗ್ರಾಮಿನಲ್ಲಿ ಮಾರುವವರು, ಮೈಸೂರಿನ ಗೋಕುಲಂ ಕಡೆಯ ಯೋಗಶಾಲೆಗಳಿಗೆ ಬಟ್ಟಲು, ಶಾಲು ಪೂರೈಸಬೇಕೆಂದಿರುವವರು ಮೊದಲ ಸಲ ಹೋಗುವಾಗ ಹಿಡಿಯಬಹುದಾದ ಕ್ರಮ ಇಲ್ಲಿದೆ.

ಹೊರಡುವ ಮೊದಲು ಆಗಬೇಕಾದ ಕಾಗದ

ಮೊದಲು ಆಮದು–ರಫ್ತು ಕೋಡ್, ಅಂದರೆ ಐಇಸಿ. ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ ಪ್ಯಾನ್ ಆಧಾರದ ಮೇಲೆ ಅರ್ಜಿ, ಶುಲ್ಕ 500 ರೂಪಾಯಿ. ಒಮ್ಮೆ ಪಡೆದರೆ ಮುಗಿಯಲಿಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಲಾಗಿನ್ ಆಗಿ ವಿವರ ಸರಿಯಿದೆ ಎಂದು ದೃಢಪಡಿಸಬೇಕು. ಏನೂ ಬದಲಾಗಿರದಿದ್ದರೂ ಮಾಡಬೇಕು. ಮರೆತವರ ಕೋಡ್ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಮಾಲು ವಿಮಾನ ನಿಲ್ದಾಣದಲ್ಲಿ ಕೂತ ಮೇಲೆ.

ಎರಡನೆಯದು ಜಿಎಸ್‌ಟಿ. ಆಮದಿನ ಮೇಲೆ ಐಜಿಎಸ್‌ಟಿ ಕಟ್ಟಲೇಬೇಕು. ನೇಪಾಳದ ಮಾಲಿಗೆ ಸುಂಕ ಇಲ್ಲ ಎಂದರೆ ಐಜಿಎಸ್‌ಟಿಯೂ ಇಲ್ಲ ಎಂದು ತಿಳಿಯುವವರು ಬಹಳ. ಸಾಮಾನ್ಯ ನೋಂದಣಿ ಇದ್ದರೆ ಕಟ್ಟಿದ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಮರಳುವುದಿಲ್ಲ, ಪೂರ್ತಿ ನಿಮ್ಮ ವೆಚ್ಚಕ್ಕೆ ಸೇರುತ್ತದೆ. ಬೆಲೆ ಕಟ್ಟುವ ಮೊದಲು ನೀವು ಯಾವುದರಲ್ಲಿದ್ದೀರಿ ನೋಡಿಕೊಳ್ಳಿ.

ಮೂರನೆಯದನ್ನು ಹೆಚ್ಚಿನವರು ಬಿಡುತ್ತಾರೆ. ತರಬೇಕೆಂದಿರುವ ವಸ್ತುಗಳ ಪಟ್ಟಿ ಮಾಡಿ ಬೆಂಗಳೂರಿನ ಒಬ್ಬ ಕಸ್ಟಮ್ಸ್ ಬ್ರೋಕರ್ ಮುಂದೆ ಇಡಿ. ಅವರನ್ನು ಸಿಎಚ್‌ಎ ಎಂದೇ ಎಲ್ಲರೂ ಕರೆಯುತ್ತಾರೆ. ಒಂದೊಂದಕ್ಕೂ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ವಸ್ತುವನ್ನು ವರ್ಗೀಕರಿಸುವ ಸಂಖ್ಯೆ) ಯಾವುದು, ಅದಕ್ಕೆ ಯಾವ ಷರತ್ತು ಅಂಟಿಕೊಂಡಿದೆ ಎಂದು ಬರೆಸಿಕೊಳ್ಳಿ. ಸಿಂಗಿಂಗ್ ಬೌಲ್ ಒಂದನ್ನೇ ವಾದ್ಯವೆಂದೂ ಲೋಹದ ಅಲಂಕಾರ ವಸ್ತುವೆಂದೂ ಬೇರೆಬೇರೆ ಶೀರ್ಷಿಕೆಯಡಿ ಹಾಕುವುದುಂಟು. ಇಂಥದ್ದು ಮೊದಲೇ ತೀರ್ಮಾನವಾಗಿ, ನೇಪಾಳದ ಇನ್‌ವಾಯ್ಸ್‌ನಲ್ಲೂ ಇಲ್ಲಿ ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿಯಲ್ಲೂ ಒಂದೇ ಕೋಡ್ ಬರಬೇಕು.

ಷರತ್ತುಗಳಲ್ಲಿ ಎರಡು ದೊಡ್ಡವು.

ಒಂದು, ಆಟಿಕೆ. 2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆಯ ಆಮದು ಸಾಧ್ಯವಿಲ್ಲ. ಫೆಲ್ಟ್ (ನೇಯದೆ ಉಜ್ಜಿ ಗಟ್ಟಿಮಾಡಿದ ಉಣ್ಣೆ) ಗೊಂಬೆ, ಬೆರಳಿಗೆ ಹಾಕುವ ಪ್ರಾಣಿಮುಖ, ತೊಟ್ಟಿಲ ಮೇಲೆ ತೂಗುವ ಮೊಬೈಲ್ ಎಲ್ಲವೂ ಕಾಠ್ಮಂಡುವಿನಲ್ಲಿ ಕೈ ಎಳೆಯುವಷ್ಟು ಚಂದ. ಆದರೆ ಐಎಸ್‌ಐ ಪರವಾನಗಿ ಕೊಡುವುದು ತಯಾರಿಸುವ ಕಾರ್ಖಾನೆಗೆ, ತಪಾಸಣೆ ಮಾಡಿದ ಮೇಲೆ. ಹತ್ತು ಹೆಂಗಸರು ಕೂತು ಕೆಲಸ ಮಾಡುವ ಜಾಗಕ್ಕೆ ಅದು ಆಗಿಹೋಗುವ ಮಾತಲ್ಲ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಬಲದಿಂದ ವಿನಾಯಿತಿ ಸಿಕ್ಕಿದೆ. ನೇಪಾಳದ ಗೊಂಬೆಗೆ ಅಂಥ ದಾರಿ ಇಲ್ಲ. ಮಕ್ಕಳ ಆಟದ ಸಾಮಾನನ್ನು ಪಟ್ಟಿಯಿಂದಲೇ ಹೊಡೆದುಹಾಕಿ. ‘ಅಲಂಕಾರದ ವಸ್ತು’ ಎಂದು ಬರೆಸಿ ತರೋಣ ಎಂಬ ಸಲಹೆ ಅಲ್ಲಿ ಸಿಗುತ್ತದೆ, ಆದರೆ ತಪ್ಪು ಘೋಷಣೆಯ ದಂಡ ಇಲ್ಲಿ ನಿಮ್ಮ ತಲೆಗೆ.

ಇನ್ನೊಂದು, ಬಣ್ಣ. ಬಟ್ಟೆ, ಉಣ್ಣೆಯ ವಸ್ತುಗಳಲ್ಲಿ ನಿಷೇಧಿತ ಅಜೋ ಬಣ್ಣ (ಒಂದು ಬಗೆಯ ರಾಸಾಯನಿಕ ಬಣ್ಣ) ಇಲ್ಲ ಎಂದು ಮಾನ್ಯತೆ ಪಡೆದ ಪ್ರಯೋಗಾಲಯದ ಪತ್ರ ಮಾಲಿನ ಜೊತೆ ಇರಬೇಕು. ಇಲ್ಲದಿದ್ದರೆ ಕಸ್ಟಮ್ಸ್‌ನವರು ಮಾದರಿ ತೆಗೆದು ಇಲ್ಲಿನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರುವತನಕ ಮಾಲು ಬಿಡುಗಡೆ ಆಗುವುದಿಲ್ಲ, ಗೋದಾಮಿನ ಬಾಡಿಗೆ ಓಡುತ್ತಿರುತ್ತದೆ. ಒಂದೇ ಆರ್ಡರ್‌ನಲ್ಲಿ ಇಪ್ಪತ್ತು ಬಗೆಯ ಬಟ್ಟೆ ಬೇಡ ಎನ್ನುವುದು ಇದಕ್ಕೇ. ಬಗೆ ಹೆಚ್ಚಿದಷ್ಟೂ ಪರೀಕ್ಷೆಯ ಖರ್ಚು ಹೆಚ್ಚುತ್ತದೆ.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ಫೆಬ್ರವರಿಯಿಂದ ಏಪ್ರಿಲ್, ಇಲ್ಲವೇ ದಸೈಂ–ತಿಹಾರ್ ಹಬ್ಬ ಕಳೆದ ಮೇಲೆ ನವೆಂಬರ್ ಒಳ್ಳೆಯ ಕಾಲ. ದಸೈಂ ಎಂದರೆ ಅಲ್ಲಿನ ದಸರಾ. ಕೆಲಸದವರೆಲ್ಲ ಊರಿಗೆ ಹೋಗುತ್ತಾರೆ, ಎರಡು ವಾರ ಯಾರೂ ಸಿಗುವುದಿಲ್ಲ. ಜೂನ್‌ನಿಂದ ಆಗಸ್ಟ್ ಮಳೆಯಲ್ಲಿ ಫೆಲ್ಟ್ ಒಣಗುವುದಿಲ್ಲ, ಗುಡ್ಡ ಕುಸಿದು ರಸ್ತೆಯೂ ಮುಚ್ಚುತ್ತದೆ. ನಮ್ಮ ದೀಪಾವಳಿಗೆ ಮಾಲು ಬೇಕಿದ್ದವರು ಏಪ್ರಿಲ್‌ನಲ್ಲೇ ಆರ್ಡರ್ ಕೊಟ್ಟು ಬರಬೇಕು. ವಾರದ ರಜೆ ಅಲ್ಲಿ ಶನಿವಾರ. ಶುಕ್ರವಾರ ಸಂಜೆ ತಲುಪಿದರೆ ಒಂದು ದಿನ ಹಾಗೆಯೇ ಹೋದಂತೆ.

ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಸಾಕು. ಆಧಾರ್ ಕಾರ್ಡ್ ಹಿಡಿದು ಹೋದ ವಯಸ್ಕರನ್ನು ವಿಮಾನ ಹತ್ತಲು ಬಿಡುವುದಿಲ್ಲ. ವ್ಯಾಪಾರಕ್ಕೆ ಹೋಗುವವರು ಪಾಸ್‌ಪೋರ್ಟನ್ನೇ ಒಯ್ಯಲಿ, ಸಿಮ್ ಕೊಳ್ಳುವುದರಿಂದ ಹಿಡಿದು ಎಲ್ಲ ಕೆಲಸಕ್ಕೂ ಸಲೀಸು.

100 ರೂಪಾಯಿ ಮತ್ತು ಅದಕ್ಕಿಂತ ಚಿಕ್ಕ ಭಾರತೀಯ ನೋಟುಗಳಿಗೆ ತಕರಾರಿಲ್ಲ. 500ರ ನೋಟಿನ ನಿಯಮ ಆಗಾಗ ಬದಲಾಗುತ್ತಾ ಬಂದಿದೆ, ಹೊರಡುವ ವಾರ ವಿಚಾರಿಸಿಕೊಂಡೇ ಇಟ್ಟುಕೊಳ್ಳಿ. 2024ರ ಮಾರ್ಚ್‌ನಿಂದ ಫೋನ್‌ಪೇ (Fonepay) ಎಂಬ ನೇಪಾಳದ ಪಾವತಿ ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐನಿಂದ ಹಣ ಕಟ್ಟಬಹುದು. ನಮ್ಮ ಫೋನ್‌ಪೇಗೂ (PhonePe) ಅದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಹತ್ತಿರ. ಊಟ, ಟ್ಯಾಕ್ಸಿ, ಮಾದರಿ ಖರೀದಿಗೆ ಇದು ಸಾಕು.

ಚೀಲದಲ್ಲಿ ಟೇಪು, ವರ್ನಿಯರ್ ಕ್ಯಾಲಿಪರ್, ಕಿಸೆಯಲ್ಲಿಡುವ ಡಿಜಿಟಲ್ ತಕ್ಕಡಿ, ಒಂದು ಅಯಸ್ಕಾಂತ, ನಾಲ್ಕೈದು ತುಂಡು ಬಿಳಿ ಹತ್ತಿ ಬಟ್ಟೆ, ದಾರ ಕಟ್ಟಿದ ಚೀಟಿಗಳು, ಅಳಿಸದ ಮಾರ್ಕರ್ ಇರಲಿ. ಬ್ಲೇಡು, ಬೆಂಕಿಪೊಟ್ಟಣ ಅಲ್ಲೇ ಕೊಳ್ಳಿ.

ಮೊದಲ ಎರಡು ದಿನ ಏನೂ ಕೊಳ್ಳಬೇಡಿ

ಮೊದಲ ದಿನ ಲಲಿತ್‌ಪುರದ ಕುಪೊಂಡೋಲ್‌ಗೆ ಹೋಗಿ. ಮಹಾಗುಠಿ, ಸನಾ ಹಸ್ತಕಲಾ, ಧುಕುಟಿ ಮುಂತಾದ ನ್ಯಾಯವ್ಯಾಪಾರ (ಫೇರ್ ಟ್ರೇಡ್) ಸಂಸ್ಥೆಗಳ ಮಳಿಗೆಗಳು ಅಲ್ಲಿ ಒಂದೇ ರಸ್ತೆಯಲ್ಲಿವೆ. ಬೆಲೆ ಬರೆದೇ ಇರುತ್ತದೆ, ಚೌಕಾಸಿ ಇಲ್ಲ. ಯಾವ ವಸ್ತು, ಯಾವ ಅಳತೆ, ಯಾವ ಬೆಲೆ ಎಂದು ಬರೆದುಕೊಳ್ಳಿ. ಇದು ನಿಮ್ಮ ಅಳತೆಗೋಲು. ಥಮೇಲ್‌ನಲ್ಲಿ ಇದಕ್ಕಿಂತ ತೀರಾ ಅಗ್ಗ ಕಂಡರೆ ಮಾಲು ಬೇರೆ ಎಂದರ್ಥ. ಇದಕ್ಕಿಂತ ದುಬಾರಿ ಕಂಡರೆ ನಿಮ್ಮನ್ನು ಪ್ರವಾಸಿ ಎಂದುಕೊಂಡಿದ್ದಾರೆ.

ಎರಡನೇ ದಿನ ಥಮೇಲ್ ಸುತ್ತಿ. ಅಂಗಡಿಯವರನ್ನು ‘ದಾಯಿ’, ‘ದೀದಿ’ ಎಂದು ಮಾತಾಡಿಸಿ. ನಮ್ಮ ಅಣ್ಣ, ಅಕ್ಕ ಇದ್ದ ಹಾಗೆ. ಹಿಂದಿ ಹೆಚ್ಚಿನವರಿಗೆ ಬರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ‘ಕಾರ್ಖಾನಾ ಹೇರ್ನ ಮಿಲ್ಛ?’ ಅಂದರೆ, ಮಾಡುವ ಜಾಗ ನೋಡಬಹುದೇ? ‘ಊರ ಹೊರಗಿದೆ, ನಾಳೆ ಕರೆದೊಯ್ಯುತ್ತೇನೆ’ ಎಂದವರ ನಂಬರ್ ತೆಗೆದುಕೊಳ್ಳಿ. ‘ಅದೆಲ್ಲ ಯಾಕೆ, ಎಷ್ಟು ಪೀಸ್ ಬೇಕು ಹೇಳಿ’ ಎಂದವರನ್ನು ಬಿಟ್ಟು ಮುಂದೆ ನಡೆಯಿರಿ.

ಬೆಲೆ ಕೇಳಿದಾಗ ‘ಐಸಿಯೋ ಎನ್‌ಸಿಯೋ’ ಎಂದು ಮರುಮಾತಿನಲ್ಲೇ ಕೇಳಿ. ಐಸಿ ಎಂದರೆ ಭಾರತದ ರೂಪಾಯಿ, ಎನ್‌ಸಿ ಎಂದರೆ ನೇಪಾಳದ್ದು. ನಮ್ಮ 1 ರೂಪಾಯಿಗೆ ಅವರ 1.60, ಇದು ಸ್ಥಿರ ದರ. 800 ಎನ್‌ಸಿ ಎಂದರೆ 500 ಐಸಿ. ನಮ್ಮ ಮುಖ ನೋಡಿ ಐಸಿಯಲ್ಲಿ ಹೇಳುವವರೂ ಇದ್ದಾರೆ, ಎನ್‌ಸಿಯಲ್ಲಿ ಹೇಳಿ ಕೊನೆಗೆ ಐಸಿ ಎನ್ನುವವರೂ ಇದ್ದಾರೆ. ಪುಸ್ತಕದಲ್ಲಿ ಬರಿ ಅಂಕೆ ಬರೆದುಕೊಂಡು ಬಂದರೆ ರಾತ್ರಿ ಹೋಟೆಲಿನಲ್ಲಿ ಕೂತು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಮೂರನೇ ದಿನದಿಂದ ಕಾರ್ಖಾನೆ. ಲೋಹದ ಮೂರ್ತಿ, ಬಟ್ಟಲಿಗೆ ಪಾಟನ್, ಅಂದರೆ ಲಲಿತ್‌ಪುರದ ಹಳೆಯ ಊರು. ಮರದ ಕೆತ್ತನೆಗೆ ಬುಂಗಮತಿ. ಮಣ್ಣಿನ ಪಾತ್ರೆಗೆ ಭಕ್ತಪುರ, ಥಿಮಿ. ತಂಗ್ಕಾ ಎಂಬ ಬೌದ್ಧ ಚಿತ್ರಪಟಕ್ಕೆ ಬೌಧ ಮತ್ತು ಭಕ್ತಪುರ. ಗಾಜಿನ ಮಣಿಸರಕ್ಕೆ ಇಂದ್ರಚೌಕದ ಪೋತೆ ಬಜಾರ್. ಫೆಲ್ಟಿಗೆ ಒಂದು ಗೊತ್ತಾದ ಬೀದಿ ಇಲ್ಲ, ನಗರದ ಅಂಚಿನ ಮನೆಗಳ ಮಹಡಿಗಳಲ್ಲಿ ನಡೆಯುತ್ತದೆ. ದಿನಕ್ಕೆ ಎರಡು ಕಾರ್ಖಾನೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಫೆಲ್ಟ್: ಉಂಡೆಯನ್ನು ಕತ್ತರಿಸಿ ನೋಡಿ

ಮೊದಲ ಆರ್ಡರ್‌ಗೆ ಫೆಲ್ಟ್‌ನಂಥ ಸರಕು ಇನ್ನೊಂದಿಲ್ಲ. ಒಡೆಯುವುದಿಲ್ಲ, ಹಗುರ, ಬೇಕಾದ ಬಣ್ಣದಲ್ಲಿ ಮಾಡಿಕೊಡುತ್ತಾರೆ. ಉಣ್ಣೆ ಹೆಚ್ಚಾಗಿ ನ್ಯೂಜಿಲೆಂಡಿನಿಂದ ಬರುತ್ತದೆ. ಹಿಂಜಿ, ಬಣ್ಣ ಹಾಕಿ, ಚಿಟಿಕೆ ಚಿಟಿಕೆ ತೆಗೆದು ಬಿಸಿನೀರು–ಸೋಪಿನಲ್ಲಿ ಅಂಗೈ ನಡುವೆ ಉರುಳಿಸುತ್ತಾರೆ. ಉಣ್ಣೆಯ ಎಳೆಯ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ನೇಯ್ಗೆ ಇಲ್ಲ, ಅಂಟು ಇಲ್ಲ.

ಅಲ್ಲೇ ಕೆಡುವುದೂ ಉಂಟು. ಉಂಡೆ ಲೆಕ್ಕದಲ್ಲಿ ಕೂಲಿ ಇರುವ ಕಡೆ ಅವಸರದಲ್ಲಿ ಉರುಳಿಸಿದರೆ ಹೊರಪದರ ಮಾತ್ರ ಗಟ್ಟಿಯಾಗಿ ಒಳಗೆ ಹತ್ತಿಯಂತೆ ಸಡಿಲವಾಗಿ ಉಳಿಯುತ್ತದೆ. ನೋಡಲು ಗೊತ್ತಾಗುವುದಿಲ್ಲ. ಬುಟ್ಟಿಯ ತಳದಿಂದ ಐದು ಉಂಡೆ ಆರಿಸಿ, ದುಡ್ಡು ಕೊಟ್ಟು, ಬ್ಲೇಡಿನಿಂದ ಅರ್ಧಕ್ಕೆ ಕೊಯ್ಯಿರಿ. ನಡುವಿನವರೆಗೂ ಒಂದೇ ಬಿಗಿ ಕಾಣಬೇಕು. ಒಳಗೆ ಬೇರೆ ಬಣ್ಣದ ಚೂರು ಉಣ್ಣೆ ತುಂಬಿದ್ದರೆ ಅದೂ ಆಗಲೇ ಕಣ್ಣಿಗೆ ಬೀಳುತ್ತದೆ. ಆಮೇಲೆ ಎರಡು ಬೆರಳಲ್ಲಿ ಒತ್ತಿ ಬಿಡಿ, ಕುಳಿ ಉಳಿಯಬಾರದು.

ಬಣ್ಣಕ್ಕೆ ಎರಡು ಪರೀಕ್ಷೆ. ಒದ್ದೆ ಬಿಳಿ ಬಟ್ಟೆಯಿಂದ ಇಪ್ಪತ್ತು ಸಲ ತಿಕ್ಕಿ. ಇನ್ನೊಂದು ಉಂಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಉಗುರುಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಬಿಡಿ. ಕೆಂಪು, ಕಡುನೀಲಿ, ನೇರಳೆ ಬಣ್ಣಗಳನ್ನು ತಪ್ಪದೆ ಪರೀಕ್ಷಿಸಿ, ಬಿಡುವುದು ಇವೇ. ಕೊನೆಗೆ ಮೂಸಿ ನೋಡಿ. ಸರಿಯಾಗಿ ತೊಳೆದ ಫೆಲ್ಟ್‌ಗೆ ತೆಳುವಾದ ಕುರಿವಾಸನೆ ಇದ್ದರೆ ಚಿಂತೆ ಇಲ್ಲ. ಮುಗ್ಗಲು ವಾಸನೆ ಇದ್ದರೆ ಒಣಗುವ ಮೊದಲೇ ಚೀಲಕ್ಕೆ ತುಂಬಿದ್ದಾರೆ.

2 ಸೆಂ.ಮೀ. ಉಂಡೆ ಎಂದರೆ ಕ್ಯಾಲಿಪರ್‌ನಲ್ಲಿ 1.8ರಿಂದ 2.2 ಒಳಗೆ ಬರಲಿ ಎಂದು ಮೊದಲೇ ಮಾತಾಡಿ. ತೋರಣಕ್ಕೆ ಅಷ್ಟು ವ್ಯತ್ಯಾಸ ನಡೆಯುತ್ತದೆ. ಬಿಸಿ ಪಾತ್ರೆ ಇಡಲು ಉಂಡೆಗಳನ್ನು ಹೊಲಿದು ಜೋಡಿಸುವ ಪಾತ್ರೆ ಮಣೆಯಲ್ಲಿ ಇನ್ನೂ ಹೆಚ್ಚಾದರೆ ಏರುತಗ್ಗಾಗುತ್ತದೆ. 90 ಸೆಂ.ಮೀ. ದುಂಡು ನೆಲಹಾಸಿಗೆ 1,600ರಿಂದ 1,800 ಉಂಡೆ ಹಿಡಿಯುತ್ತದೆ ಎಂದು ಅಂದಾಜಿದ್ದರೆ ಅವರು ಹೇಳುವ ಬೆಲೆ ನ್ಯಾಯವೋ ಅಲ್ಲವೋ ಕೂಡಲೇ ತೂಗಬಹುದು.

ಪಶ್ಮಿನಾ: ಉಂಗುರದ ಆಟ ನಂಬಬೇಡಿ

ಶಾಲನ್ನು ಉಂಗುರದೊಳಗೆ ತೂರಿಸಿ ತೋರಿಸುತ್ತಾರೆ. ತೆಳುವಾದ ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ ಕೃತಕ ನೂಲು) ಕೂಡ ತೂರುತ್ತದೆ. ಬೆಂಕಿ ಪರೀಕ್ಷೆ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಅಂಚಿನಿಂದ ಎರಡು ಎಳೆ ಕಿತ್ತು ಸುಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಪ್ರಾಣಿಯ ನಾರು. ಕಾಗದದಂತೆ ಉರಿದರೆ ವಿಸ್ಕೋಸ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅಡ್ಡದ ಎಳೆ, ಉದ್ದದ ಎಳೆ ಎರಡನ್ನೂ ಬೇರೆಬೇರೆ ಸುಡಬೇಕು, ಮಿಶ್ರಣದ ಮೋಸ ಅಲ್ಲೇ ಇರುವುದು. ಆದರೆ ಸಾಮಾನ್ಯ ಉಣ್ಣೆಗೂ ಪಶ್ಮಿನಾಗೂ ಬೆಂಕಿ ಭೇದ ಹೇಳದು. ಅದು ಗೊತ್ತಾಗಲು ಎಳೆಯ ದಪ್ಪವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಬೇಕು. ಮಾದರಿ ತಂದು ಪ್ರಯೋಗಾಲಯಕ್ಕೆ ಕೊಟ್ಟು ವರದಿ ಬಂದ ಮೇಲೆ ಆರ್ಡರ್ ಕೊಡಿ.

ನೇಪಾಳದ ಪಶ್ಮಿನಾ ತಯಾರಕರ ಸಂಘ ‘ಛ್ಯಾಂಗ್ರಾ ಪಶ್ಮಿನಾ’ ಎಂಬ ವ್ಯಾಪಾರ ಚಿಹ್ನೆಯನ್ನು ನೋಂದಾಯಿಸಿದೆ. ಛ್ಯಾಂಗ್ರಾ ಎಂದರೆ ಎತ್ತರದ ಹಿಮಾಲಯದ ಮೇಕೆ. ಈ ಚಿಹ್ನೆ ಬಳಸುವ ಹಕ್ಕಿರುವ ತಯಾರಕರಿಂದ ಕೊಂಡರೆ ಅರ್ಧ ತಲೆನೋವು ಕಡಿಮೆ. ಇನ್‌ವಾಯ್ಸ್‌ನಲ್ಲಿ ಬರಿ ‘ಪಶ್ಮಿನಾ ಶಾಲು’ ಎಂದಿದ್ದರೆ ಒಪ್ಪಬೇಡಿ. ‘70% ಪಶ್ಮಿನಾ, 30% ರೇಷ್ಮೆ, 70×200 ಸೆಂ.ಮೀ., ಇಷ್ಟು ಗ್ರಾಂ’ ಎಂದು ಬರೆಸಿ. ನಾಳೆ ಗಿರಾಕಿಗೆ ನೀವು ಹಾಕಿಕೊಡುವ ಚೀಟಿಗೆ ಆಧಾರ ಇದೇ.

ಸಿಂಗಿಂಗ್ ಬೌಲ್: ಕಣ್ಣಿಗಿಂತ ಕಿವಿ

ಬಡಿದು ಮಾಡಿದ ಬಟ್ಟಲು ಕಂಚಿನದು, ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ‘ಏಳು ಲೋಹ, ಚಿನ್ನವೂ ಇದೆ’ ಎಂಬುದು ಮಾರಾಟದ ಮಾತು. ನಿಮ್ಮ ಗಿರಾಕಿಗೆ ನೀವು ಅದನ್ನು ಹೇಳಲು ಹೋಗಬೇಡಿ. ತವರ ಇಷ್ಟು ಹೆಚ್ಚಿರುವ ಕಂಚನ್ನು ಕೆಂಪಗೆ ಕಾಯಿಸಿಯೇ ಬಡಿಯಬೇಕು, ತಣ್ಣಗಿದ್ದಾಗ ಗಾಜಿನಂತೆ ಸೀಳುತ್ತದೆ. ಅದಕ್ಕೇ ಕೈಯಿಂದ ಜಾರಿ ಕಲ್ಲುನೆಲಕ್ಕೆ ಬಿದ್ದ ಬಟ್ಟಲು ಕಣ್ಣಿಗೆ ಸರಿಯಾಗಿದ್ದರೂ ದನಿಯಲ್ಲಿ ಸತ್ತಿರುತ್ತದೆ.

ಆರಿಸುವ ಕ್ರಮ: ಬಟ್ಟಲನ್ನು ಚಪ್ಪಟೆ ಅಂಗೈ ಮೇಲಿಡಿ, ಬೆರಳು ಗೋಡೆಗೆ ತಾಗದಿರಲಿ. ಬಟ್ಟೆ ಸುತ್ತಿದ ಕೋಲಿನಿಂದ ಹೊರಗೋಡೆಗೆ ಮೆಲ್ಲಗೆ ಒಂದೇ ಪೆಟ್ಟು. ಕಣ್ಣು ಮುಚ್ಚಿ, ದನಿ ಪೂರ್ತಿ ಅಡಗುವವರೆಗೆ ಎಣಿಸಿ. ಕೆಳಗಿನ ಒಂದು ಗುಂಯ್‌ಕಾರ, ಅದರ ಮೇಲೆ ತೆಳುವಾದ ಇನ್ನೊಂದು ಸ್ವರ ಕೇಳಬೇಕು. ಝರ್ರೆಂದು ಜರಿದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಆಮೇಲೆ ಮರದ ಕೋಲನ್ನು ಅಂಚಿನ ಸುತ್ತ ನಿಧಾನ ಉಜ್ಜಿ. ಎರಡು ಮೂರು ಸುತ್ತಿನಲ್ಲಿ ಹಾಡಲು ಶುರುವಾಗಬೇಕು, ಕೋಲು ಕುಣಿಯಬಾರದು. ಒಳಗೆ ಲೇತಿನ ಸಮನಾದ ಉಂಗುರಗೆರೆ ಕಂಡರೆ ಅದು ಯಂತ್ರದ್ದು. ಹಾಗೆಂದು ಎಸೆಯಬೇಕಿಲ್ಲ, ಬೆಲೆಯನ್ನು ಮಾತ್ರ ಯಂತ್ರದ್ದಕ್ಕೆ ತಕ್ಕಂತೆ ಕೊಡಿ. ಅಯಸ್ಕಾಂತ ಅಂಟಿದರೆ ಮಾತ್ರ ಮರುಮಾತಿಲ್ಲದೆ ಬಿಡಿ.

ಕೈಬಟ್ಟಲನ್ನು ಕೆ.ಜಿ. ಲೆಕ್ಕದಲ್ಲಿ ಮಾರುತ್ತಾರೆ. ಹಾಗಾಗಿ ಅಂಗಡಿಯ ತಕ್ಕಡಿಯ ಪಕ್ಕದಲ್ಲಿ ನಿಮ್ಮದನ್ನೂ ಇಡಿ. ಯೋಗಶಾಲೆಯವರು ನಿರ್ದಿಷ್ಟ ಸ್ವರ ಕೇಳಿದ್ದರೆ ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ಅಳೆದು, ಸ್ವರ ಮತ್ತು ತೂಕ ಬರೆದ ಚೀಟಿಯನ್ನು ಆಯಾ ಬಟ್ಟಲಿಗೇ ಕಟ್ಟಿಸಿ. ಕೈಬಡಿತದಲ್ಲಿ ಎರಡು ಬಟ್ಟಲು ಒಂದೇ ಆಗುವುದಿಲ್ಲ. ‘ಇಂಥದ್ದೇ ಐವತ್ತು ಕಳಿಸಿ’ ಎಂಬ ಆರ್ಡರ್‌ಗೆ ಅರ್ಥವಿಲ್ಲ, ಕೂತು ಒಂದೊಂದನ್ನೇ ಆರಿಸಬೇಕು. ಅರ್ಧ ದಿನ ಇದಕ್ಕೇ ಇಡಿ. ಎರಡು ಗಂಟೆ ಕೇಳಿದ ಮೇಲೆ ಕಿವಿಗೆ ಎಲ್ಲವೂ ಒಂದೇ ಎನಿಸತೊಡಗುತ್ತದೆ, ಆಗ ಎದ್ದು ಚಹಾ ಕುಡಿದು ಬನ್ನಿ.

ಮೂರ್ತಿ, ತಂಗ್ಕಾ, ಹಳೆಯದರಂತೆ ಕಾಣುವ ಮರದ ಕೆತ್ತನೆ ತರುವವರಿಗೆ ಒಂದು ಮಾತು. ನೂರು ವರ್ಷಕ್ಕಿಂತ ಹಳೆಯ ಕಲಾವಸ್ತು ನೇಪಾಳದಿಂದ ಹೊರಗೆ ಹೋಗುವಂತಿಲ್ಲ. ಹೊಸದಕ್ಕೂ ಪುರಾತತ್ವ ಇಲಾಖೆಯ ಮುದ್ರೆ, ಪತ್ರ ಬೇಕು, ಏಕೆಂದರೆ ಹೊಸ ಮೂರ್ತಿಗೆ ಹಳೆಯ ಕಳೆ ಕೊಡುವುದೇ ಪಾಟನ್‌ನವರ ಕೈಚಳಕ. ಮಾರುವವರೇ ಮಾಡಿಸಿಕೊಡುತ್ತಾರೆ, ಒಂದೆರಡು ದಿನ ಬಿಡುವು ಇಟ್ಟುಕೊಳ್ಳಿ. ಮೂಳೆ, ಕೊಂಬು, ಹವಳದ ವಸ್ತುಗಳ ತಂಟೆಗೇ ಹೋಗಬೇಡಿ. ಲೋಕ್ತಾ ಎಂಬ ಪೊದೆಯ ತೊಗಟೆಯಿಂದ ಕೈಯಲ್ಲೇ ಮಾಡುವ ಕಾಗದ ಸುಲಭದ ಸರಕು. ಮಂಗಳೂರು, ಕಾರವಾರದಲ್ಲಿ ಮಾರುವವರು ಮಾತ್ರ ತೇವ ಹಿಡಿಯದಂತೆ ಮಳೆಗಾಲಕ್ಕೆ ಮೊದಲು ಖಾಲಿಯಾಗುವಷ್ಟೇ ತರಿಸಿ.

ಆರ್ಡರ್ ಬರೆಯುವುದು

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ‘ಇದು 200’ ಎನ್ನುವುದು ಆರ್ಡರ್ ಅಲ್ಲ. ಪ್ರತಿ ವಸ್ತುವಿಗೆ ಒಂದು ಸಾಲು: ಹೆಸರು, ಎಚ್‌ಎಸ್ ಕೋಡ್, ಅಳತೆ ಮತ್ತು ಎಷ್ಟು ವ್ಯತ್ಯಾಸ ನಡೆಯುತ್ತದೆ, ತೂಕ, ಅವರ ಬಣ್ಣದ ಪಟ್ಟಿಯ ಸಂಖ್ಯೆ, ಎಷ್ಟು ನಗ, ದರ ಮತ್ತು ಐಸಿಯೋ ಎನ್‌ಸಿಯೋ, ಕಳಿಸುವ ದಿನ, ಕೆಟ್ಟು ಬಂದರೆ ಏನು. ಬಣ್ಣವನ್ನು ‘ಸಾಸಿವೆ ಹಳದಿ’ ಎಂದು ಬರೆದರೆ ಅವರ ಸಾಸಿವೆ ಬೇರೆ, ನಿಮ್ಮದು ಬೇರೆ. ಒಂದೇ ಬಣ್ಣದ ಪೂರ್ತಿ ಮಾಲು ಒಂದೇ ಹಂಡೆಯಲ್ಲಿ ಅದ್ದಿದ್ದಿರಲಿ ಎಂದೂ ಸೇರಿಸಿ.

ಒಪ್ಪಿದ ಮಾದರಿ ಎರಡೆರಡು ಇರಬೇಕು. ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ಟೇಪು ಅಂಟಿಸಿ, ಟೇಪಿನ ಮೇಲೆ ಇಬ್ಬರೂ ಸಹಿ ಮಾಡಿ. ಒಂದು ಅವರಲ್ಲಿ, ಒಂದು ನಿಮ್ಮಲ್ಲಿ. ತಕರಾರು ಬಂದ ದಿನ ಮಾತಿಗಿಂತ ಈ ಚೀಲ ಹೆಚ್ಚು ಕೆಲಸ ಮಾಡುತ್ತದೆ.

ಅವರ ಕಡೆಯಿಂದ ಕೇಳಬೇಕಾದದ್ದು: ಪ್ಯಾನ್ ಅಥವಾ ವ್ಯಾಟ್ ನೋಂದಣಿ, ರಫ್ತಿನ ಎಕ್ಸಿಮ್ ಕೋಡ್. ಸಣ್ಣ ಕಾರ್ಖಾನೆಗಳಲ್ಲಿ ಎಕ್ಸಿಮ್ ಕೋಡ್ ಇರುವುದಿಲ್ಲ. ಆಗ ಕೋಡ್ ಇರುವ ರಫ್ತುದಾರರ ಮೂಲಕ ಕಳಿಸಬೇಕು, ಅವರ ಕಮಿಷನ್ ಎಷ್ಟೆಂದು ಈಗಲೇ ತೀರ್ಮಾನಿಸಿ. ನೇಪಾಳದ ವ್ಯಾಟ್ 13%. ರಫ್ತಿಗೆ ಅದು ಶೂನ್ಯ. ಅಂಗಡಿಯ ದರದಲ್ಲಿ ವ್ಯಾಟ್ ಸೇರಿದ್ದರೆ ತೆಗೆಸಿ.

ಬಿಲ್ಲಿನ ತಾರೀಖು ಬಿಕ್ರಮ ಸಂವತ್‌ನಲ್ಲಿರುತ್ತದೆ. 2025ರ ಏಪ್ರಿಲ್ ಮಧ್ಯದಲ್ಲಿ ಅಲ್ಲಿ 2082 ಶುರುವಾಯಿತು, ಅಂಕೆಗಳೂ ಹಲವು ಸಲ ದೇವನಾಗರಿಯಲ್ಲಿ. ಪಕ್ಕದಲ್ಲಿ ಇಸವಿಯ ತಾರೀಖನ್ನೂ ಬರೆಸದಿದ್ದರೆ ನಿಮ್ಮ ಬ್ಯಾಂಕು ಬಿಲ್ಲನ್ನು ವಾಪಸು ಕಳಿಸುತ್ತದೆ.

ದುಡ್ಡು ಕಟ್ಟುವುದು

ಮಾದರಿಗೆ ನಗದು, ಆರ್ಡರ್‌ಗೆ ಬ್ಯಾಂಕು. ಇದರಲ್ಲಿ ರಾಜಿ ಬೇಡ. ಊರಿಗೆ ಬಂದು, ಮಾಲು ಕಳಿಸುವ ಮೊದಲು ಅವರು ಕೊಡುವ ಪ್ರೊಫಾರ್ಮಾ ಇನ್‌ವಾಯ್ಸ್ ಮತ್ತು ಐಇಸಿ ತೋರಿಸಿ, ವ್ಯವಹಾರದ ಚಾಲ್ತಿ ಖಾತೆಯಿಂದ ಆಮದಿನ ಮುಂಗಡವೆಂದೇ ಕಳಿಸಿ. ಭಾರತದ ರೂಪಾಯಿಯಲ್ಲೇ ಕಳಿಸಬಹುದು. ನಗದು ಕೊಟ್ಟರೆ ರಫ್ತಿನ ಹಣ ಬ್ಯಾಂಕಿಗೆ ಬಂದಿದೆ ಎಂಬ ಪತ್ರ ಅವರಿಗೆ ಸಿಗುವುದಿಲ್ಲ, ಅದಿಲ್ಲದೆ ಅಲ್ಲಿನ ಕಸ್ಟಮ್ಸ್‌ನಲ್ಲಿ ರಫ್ತು ತೊಡಕಾಗುತ್ತದೆ. ನಿಮ್ಮ ಖರೀದಿಗೂ ಲೆಕ್ಕ ಇರುವುದಿಲ್ಲ. ಮುಂಗಡ 30ರಿಂದ 50%, ಉಳಿದದ್ದು ಪ್ಯಾಕಿಂಗ್‌ನ ವಿಡಿಯೊ ಮತ್ತು ತೂಕದ ಚೀಟಿ ನೋಡಿದ ಮೇಲೆ ಎಂದು ಇಟ್ಟುಕೊಳ್ಳಿ.

ತರಿಸುವುದು ಮತ್ತು ನಿಜವಾದ ಬೆಲೆ

ಸೂಟ್‌ಕೇಸಿನಲ್ಲಿ ತುಂಬಿ ತರುವ ಯೋಚನೆ ಎಲ್ಲರಿಗೂ ಬರುತ್ತದೆ. ಲಗೇಜಿನ ಸುಂಕರಹಿತ ಮಿತಿ ಸ್ವಂತ ಬಳಕೆಯ ವಸ್ತುಗಳಿಗೆ. ಒಂದೇ ಬಗೆಯ 40 ಶಾಲು ಮಿತಿಯೊಳಗಿನ ಬೆಲೆಯದಾದರೂ ಅದು ವ್ಯಾಪಾರದ ಮಾಲೇ. ಸಿಕ್ಕಿಬಿದ್ದರೆ ದಂಡ, ಸಿಗದಿದ್ದರೂ ಬಿಲ್ಲಿಲ್ಲದ ಸರಕು ಅಂಗಡಿಯಲ್ಲಿ ಕೂತಿರುತ್ತದೆ.

ಒಂದೆರಡು ಪೆಟ್ಟಿಗೆಗೆ ಬೆಂಗಳೂರಿಗೆ ಏರ್ ಕಾರ್ಗೊ ಸರಿ. ಲಾರಿಯಲ್ಲಿ ಬೀರಗಂಜ್–ರಕ್ಸೌಲ್ ದಾರಿ ಅಗ್ಗ, ಆದರೆ ಗಡಿಯಲ್ಲಿ ಬೇರೆ ಸಿಎಚ್‌ಎ ಬೇಕು. ಮಾಲು ಹೆಚ್ಚಾದ ಮೇಲೆ ಅದನ್ನು ಯೋಚಿಸಿ. ಯಾವುದೇ ದಾರಿಯಾದರೂ ಭಾರತ–ನೇಪಾಳ ವ್ಯಾಪಾರ ಒಪ್ಪಂದದ ನಮೂನೆಯಲ್ಲೇ ಮೂಲ ಪ್ರಮಾಣಪತ್ರ ಬರಬೇಕು. ಬೇರೆ ದೇಶಗಳಿಗೆ ಕೊಡುವ ಸಾದಾ ಪ್ರಮಾಣಪತ್ರವನ್ನು ಅಭ್ಯಾಸಬಲದಿಂದ ಮಾಡಿಸಿ ಕಳಿಸುವುದು ಮೇಲಿಂದ ಮೇಲೆ ಆಗುವ ತಪ್ಪು, ಅದರಿಂದ ಸುಂಕ ವಿನಾಯಿತಿ ಸಿಗುವುದಿಲ್ಲ. ಹೊರದೇಶದ ಕಚ್ಚಾ ಮಾಲು ಬಳಸಿದ್ದರೆ ಕನಿಷ್ಠ 30% ಮೌಲ್ಯ ನೇಪಾಳದಲ್ಲಿ ಸೇರಿರಬೇಕೆಂಬ ಷರತ್ತಿದೆ. ಉಣ್ಣೆ ಎಲ್ಲಿಯದು, ಕೂಲಿ ಎಷ್ಟು ಎಂಬ ವಿವರ ಆಮದುದಾರರಾದ ನಿಮ್ಮ ಬಳಿಯೇ ಇರಬೇಕು ಎನ್ನುತ್ತದೆ ನಮ್ಮ 2020ರ ನಿಯಮ. ಕಾರ್ಖಾನೆಗೆ ಹೋದ ದಿನ ಇದನ್ನು ಕೇಳಿ ಬರೆದುಕೊಂಡರೆ ಆಮೇಲೆ ಪರದಾಟವಿಲ್ಲ.

ಈಗ ಲೆಕ್ಕ. 20 ಸೆಂ.ಮೀ.ನ ಫೆಲ್ಟ್ ಪಾತ್ರೆ ಮಣೆ 200 ನಗ, ಒಂದಕ್ಕೆ 480 ಎನ್‌ಸಿ, ಅಂದರೆ 300 ರೂಪಾಯಿ. ಒಟ್ಟು 60,000. 60×40×40 ಸೆಂ.ಮೀ.ನ ಎರಡು ಪೆಟ್ಟಿಗೆ ಆಗುತ್ತದೆ. ತಕ್ಕಡಿಯಲ್ಲಿ ಎರಡೂ ಸೇರಿ 24 ಕೆ.ಜಿ. ಬಂತೆನ್ನಿ. ಏರ್ ಕಾರ್ಗೊದವರು ಉದ್ದ, ಅಗಲ, ಎತ್ತರ ಗುಣಿಸಿ 6,000ದಿಂದ ಭಾಗಿಸುತ್ತಾರೆ: ಪೆಟ್ಟಿಗೆಗೆ 16, ಒಟ್ಟು 32 ಕೆ.ಜಿ. ತಕ್ಕಡಿಯ ತೂಕಕ್ಕಿಂತ ಇದು ಹೆಚ್ಚಿರುವುದರಿಂದ ನೀವು ಕೊಡುವುದು ಇದಕ್ಕೆ. ಕೊರಿಯರ್‌ನವರು 5,000ದಿಂದ ಭಾಗಿಸುವುದರಿಂದ ಅಲ್ಲಿ 38.4. ಫೆಲ್ಟ್‌ನಂಥ ಗಾಳಿ ತುಂಬಿದ ಮಾಲಿಗೆ ಪೆಟ್ಟಿಗೆ ಎರಡು ಅಂಗುಲ ಹೆಚ್ಚಾದರೂ ದುಡ್ಡು.

ಕೆ.ಜಿ.ಗೆ 150 ಎಂದಿಟ್ಟರೆ ಸಾಗಣೆ 4,800. ವಿಮೆಯ ರಸೀದಿ ಇಲ್ಲದಿದ್ದರೆ ಕಸ್ಟಮ್ಸ್‌ನವರು ಮಾಲಿನ ಬೆಲೆಯ 1.125% ಸೇರಿಸಿಕೊಳ್ಳುತ್ತಾರೆ: 675. ತೆರಿಗೆಯ ಮೌಲ್ಯ 65,475 ಆಯಿತು. ಮೂಲ ಪ್ರಮಾಣಪತ್ರ ಇದ್ದರೆ ಸುಂಕ ಇಲ್ಲ. ಇಲ್ಲದೆ 10% ಬಿದ್ದರೆ, ಅದರ ಮೇಲಿನ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ 7,202. ಐಜಿಎಸ್‌ಟಿ 5% ಎಂದು ಹಿಡಿದರೆ 3,274, ಇದು ಕ್ರೆಡಿಟ್ ಆಗಿ ಮರಳುವುದರಿಂದ ಹೊರಗಿಡೋಣ. ಸಿಎಚ್‌ಎ, ವಿಮಾನ ನಿಲ್ದಾಣದ ಶುಲ್ಕ, ಬಣ್ಣದ ಪರೀಕ್ಷೆ ಎಲ್ಲ ಸೇರಿ 12,000 ಎಂದುಕೊಳ್ಳಿ. 60,000 + 4,800 + 12,000 = 76,800. ನಗಕ್ಕೆ 384. ನೂರಕ್ಕೆ ಮೂರು ಮಾರಲಾಗದೆ ಉಳಿದರೆ 396.

ಇದನ್ನೇ 50 ನಗಕ್ಕೆ ಮಾಡಿ: 15,000 + 1,200 + 12,000 = 28,200. ನಗಕ್ಕೆ 564. ಸಿಎಚ್‌ಎ ಮತ್ತು ಪರೀಕ್ಷೆಯ ಖರ್ಚು ಮಾಲು ಕಡಿಮೆಯಾದರೆ ಕಡಿಮೆಯಾಗುವುದಿಲ್ಲ. ಮೊದಲ ಸಲ ‘ಸ್ವಲ್ಪ ಸ್ವಲ್ಪ ಎಲ್ಲ ತಂದು ನೋಡೋಣ’ ಎನ್ನುವವರು ಸೋಲುವುದು ಇಲ್ಲೇ. ಎರಡೇ ಬಗೆ ತಂದರೂ ಪೆಟ್ಟಿಗೆ ತುಂಬ ತನ್ನಿ.

ಪ್ಯಾಕಿಂಗ್, ಚೀಟಿ, ಬಂದ ಮೇಲಿನ ಕೆಲಸ

ಬಟ್ಟಲುಗಳನ್ನು ಒಂದರೊಳಗೊಂದು ಇಡುವುದಾದರೆ ನಡುವೆ ದಪ್ಪ ಬಟ್ಟೆ ಅಥವಾ ಬಬಲ್ ಹಾಳೆ ಇರಬೇಕು, ಬರಿ ಪತ್ರಿಕೆ ಸಾಲದು. ಪೆಟ್ಟಿಗೆ 20 ಕೆ.ಜಿ. ದಾಟದಿರಲಿ, ದಾಟಿದ್ದನ್ನು ಹಮಾಲರು ಎತ್ತುವುದಿಲ್ಲ, ಉರುಳಿಸುತ್ತಾರೆ. ಮರದ ಪೆಟ್ಟಿಗೆಯಾದರೆ ಕೀಟನಾಶಕ್ಕೆ ಶಾಖೋಪಚಾರ ಮಾಡಿದ ಐಎಸ್‌ಪಿಎಂ 15 ಮುದ್ರೆ ಬೇಕು. ಫೆಲ್ಟ್‌ಗೆ ಪೂರ್ತಿ ಒಣಗಿದ ಮೇಲೆಯೇ ಪ್ಲಾಸ್ಟಿಕ್, ಜೊತೆಗೆ ಸಿಲಿಕಾ ಪೊಟ್ಟಣ.

ಬಿಡಿ ಪ್ಯಾಕೆಟ್‌ನಲ್ಲಿ ಮಾರುವ ವಸ್ತುವಿಗೆ ಆಮದುದಾರರ ಹೆಸರು–ವಿಳಾಸ, ಮೂಲ ದೇಶ, ವಸ್ತುವಿನ ಹೆಸರು, ಎಷ್ಟು ನಗ, ತಿಂಗಳು–ವರ್ಷ, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರುವ ಚೀಟಿ ಕಡ್ಡಾಯ. ಚೀಟಿಗಳನ್ನು ಇಲ್ಲೇ ಅಚ್ಚು ಹಾಕಿಸಿ ಕಾಠ್ಮಂಡುವಿಗೆ ಕಳಿಸಿದರೆ ಅವರೇ ಅಂಟಿಸಿ ಕಳಿಸುತ್ತಾರೆ. ಆನ್‌ಲೈನ್ ಪುಟದಲ್ಲೂ ‘ಮೂಲ ದೇಶ: ನೇಪಾಳ’ ಎಂದು ಬರಬೇಕು.

ಪೆಟ್ಟಿಗೆ ಬಂದ ದಿನ ಒಡೆಯುವುದನ್ನು ಮೊದಲಿಂದ ಕೊನೆವರೆಗೆ ವಿಡಿಯೊ ಮಾಡಿ. ಹತ್ತಕ್ಕೊಂದನ್ನು ತೆಗೆದು ಸಹಿ ಮಾಡಿದ ಮಾದರಿಯ ಪಕ್ಕದಲ್ಲಿಟ್ಟು ಅಳತೆ, ತೂಕ, ಬಣ್ಣ ನೋಡಿ. ಬಣ್ಣವನ್ನು ಕಿಟಕಿಯ ಬೆಳಕಿನಲ್ಲಿ ನೋಡಬೇಕು, ಎಲ್‌ಇಡಿ ಕೆಳಗಲ್ಲ. ವ್ಯತ್ಯಾಸವನ್ನು ಆರ್ಡರ್‌ನಲ್ಲಿ ಬರೆದ ಅವಧಿಯೊಳಗೆ ಫೋಟೊ ಸಹಿತ ತಿಳಿಸಿ. ದುಡ್ಡು ವಾಪಸು ಕೇಳುವುದಕ್ಕಿಂತ ಮುಂದಿನ ಆರ್ಡರ್‌ನಲ್ಲಿ ಅಷ್ಟು ನಗ ಸೇರಿಸಿ ಕಳಿಸಲು ಕೇಳಿದರೆ ಬೇಗ ಒಪ್ಪುತ್ತಾರೆ. ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ಅದೇ ವಾರ ಬ್ಯಾಂಕಿಗೆ ಕೊಡಿ. ಅಲ್ಲಿಯವರೆಗೆ ನೀವು ಕಳಿಸಿದ ಮುಂಗಡ ಅವರ ಪುಸ್ತಕದಲ್ಲಿ ಬಾಕಿಯಾಗಿಯೇ ಇರುತ್ತದೆ, ಬಾಕಿ ಇರುವವರ ಮುಂದಿನ ಪಾವತಿಗೆ ಬ್ಯಾಂಕು ನೂರೆಂಟು ಪ್ರಶ್ನೆ ಹಾಕುತ್ತದೆ.